ಕಾಲಿನ ಜೋಮಿಗೆ ಕಣ್ಣಿನ ಪರೀಕ್ಷೆಯೇ?

ಸುಮಂಗಲಾ, ದಾವಣಗೆರೆ:
ಅಪ್ಪನಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ತಿಂಗಳು ಅವರ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಕಳಚಿಕೊಂಡಿತ್ತು. ಅದು ತಿಳಿಯದೆ ಬರಿಗಾಲಲ್ಲಿ ಗೇಟಿನವರೆಗೆ ನಡೆದು ಹೋಗಿದ್ದರು. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ನರಗಳ ಚಿತ್ರ ತೆಗೆದು, ಮಧುಮೇಹದಿಂದ ನರಗಳಿಗಾದ ಹಾನಿಯನ್ನು ಬೇಗನೆ ಪತ್ತೆಹಚ್ಚಬಹುದು ಎಂದು ಓದಿದೆ. ಜೋಮು ಪಾದಕ್ಕೆ, ಪರೀಕ್ಷೆ ಕಣ್ಣಿಗೆ. ಇದನ್ನು ನಂಬಬಹುದೇ?

ನಾಗವೇಣಿ, ಆಪ್ಟೊಮೆಟ್ರಿಸ್ಟ್:
ನಂಬಬಹುದು, ಸುಮಂಗಲಾ ಅವರೇ. ನೋವು, ಬಿಸಿ, ತಂಪು ತಿಳಿಸುವ ಸಣ್ಣ ನರತಂತುಗಳೇ ಬಹುಮಟ್ಟಿಗೆ ಮೊದಲು ಹಾಳಾಗುವುದು. ಕರೆಂಟ್ ಹಾಯಿಸಿ ನರದ ವೇಗ ಅಳೆಯುವ ಪರೀಕ್ಷೆಗೆ ದಪ್ಪ ನರಗಳಷ್ಟೇ ಸಿಗುತ್ತವೆ. ಸಣ್ಣವನ್ನು ಕಣ್ಣಾರೆ ಕಾಣಬೇಕಾದರೆ ಕಾಲಿನಿಂದ 3 ಮಿ.ಮೀ. ಅಗಲದ ಚರ್ಮದ ತುಣುಕು ತೆಗೆಯಬೇಕು. ಕಾರ್ನಿಯಾ ಪಾರದರ್ಶಕವಾದ್ದರಿಂದ ಅದೇ ಬಗೆಯ ತಂತುಗಳು ಅಲ್ಲಿ ಕತ್ತರಿಸದೆಯೇ ಕಾಣುತ್ತವೆ. ಮರಗಟ್ಟಿಸುವ ಹನಿ ಹಾಕಿ, ಜೆಲ್ ಹಚ್ಚಿದ ಉಪಕರಣದ ತುದಿಯನ್ನು ಕಣ್ಣಿಗೆ ತಾಗಿಸಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತೇವೆ. ಕೆಲವೇ ನಿಮಿಷದ ಕೆಲಸ. ಒಂದು ಚಿತ್ರದಲ್ಲಿ ಸಿಗುವುದು 0.4 ಮಿ.ಮೀ. ಉದ್ದಗಲದ ಜಾಗ. ಆರೋಗ್ಯವಂತರಲ್ಲಿ ಮಗ್ಗದ ಹಾಸುನೂಲಿನ ಹಾಗೆ ಬಿಳಿ ಎಳೆಗಳು ಸಾಲಾಗಿ ಹರಿದು, ನಡುನಡುವೆ ಕವಲೊಡೆದಿರುತ್ತವೆ. ನರಹಾನಿ ಆದವರಲ್ಲಿ ಎಳೆಗಳು ವಿರಳವಾಗಿ, ಗಿಡ್ಡವಾಗಿ ಬಿಡುತ್ತವೆ. ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ದಿನದಿಂದ ನನಗೆ ಈ ಪರೀಕ್ಷೆಯ ಬಗ್ಗೆ ಅನುಮಾನ ಉಳಿದಿಲ್ಲ.

ಡಾ. ಬಸವರಾಜ:
ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿದವನು ನಾನು. ಚಪ್ಪಲಿ ಕಳಚಿದ್ದು ತಿಳಿಯದ ಮೇಲೆ ‘ಬೇಗನೆ ಪತ್ತೆ’ ಎಂಬ ಮಾತಿಗೆ ಅರ್ಥವೆಲ್ಲಿದೆ? ಅವರಿಗೆ ಬೇಕಾಗಿರುವುದು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಮತ್ತು ಕಂಪನ ತಿಳಿಯುತ್ತದೆಯೇ ಎಂದು ನೋಡುವ 128 ಹರ್ಟ್ಸ್‌ನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್). ಎಳೆಯನ್ನು ಹೆಬ್ಬೆರಳಿಗೆ ಒತ್ತಿದಾಗ, ಕಣ್ಣು ಮುಚ್ಚಿ ಕುಳಿತವರು ‘ಹ್ಞೂಂ’ ಎನ್ನಬೇಕು. ಎಷ್ಟೋ ಕಡೆ ರೋಗಿಯ ಚಪ್ಪಲಿಯನ್ನೇ ಬಿಚ್ಚಿಸುವುದಿಲ್ಲ. ಕಾಲನ್ನೇ ನೋಡದವರ ಕೈಗೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊಟ್ಟು ಏನು ಬಂತು?

ಶ್ರೀನಿವಾಸ, ಮ್ಯಾಂಚೆಸ್ಟರ್:
ಡಾಕ್ಟರೇ, ನೈಲಾನ್ ಎಳೆ ತಿಳಿಯದಿರುವ ಹೊತ್ತಿಗೆ ಹುಣ್ಣಾಗುವ ಹಂತ ಬಂದಿರುತ್ತದೆ. ಕಣ್ಣಿನ ಚಿತ್ರದ ಉಪಯೋಗ ಅದಕ್ಕೂ ಮೊದಲು. ಸಂಶೋಧಕ ರಯಾಜ್ ಮಲಿಕ್ ಮತ್ತು ಸಂಗಡಿಗರು ಮಧುಮೇಹಿಗಳ ಕಾರ್ನಿಯಾದಲ್ಲಿ ನರಗಳು ಕಡಿಮೆಯಾಗುವುದನ್ನು ಇದೇ ಊರಿನಿಂದ 2003ರಲ್ಲಿ ತೋರಿಸಿದರು. ಮುಂದೆ, ಟೈಪ್ 1 ಮಧುಮೇಹಿಗಳಿಗೆ ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿ ಮತ್ತು ಮೂತ್ರಪಿಂಡ ಕಸಿ ಮಾಡಿದ ಮೇಲೆ, ಒಂದು ವರ್ಷದೊಳಗೆ ಕಾರ್ನಿಯಾದ ನರಗಳು ಮತ್ತೆ ಬೆಳೆದದ್ದು ಕಂಡಿತು. ಕಾಲಿನ ಪರೀಕ್ಷೆಗಳಲ್ಲಿ ಆಗಿನ್ನೂ ಸುಧಾರಣೆ ಕಂಡಿರಲಿಲ್ಲ. ಹೊಸ ಔಷಧ ನರವನ್ನು ಚಿಗುರಿಸುತ್ತದೆಯೇ ಎಂದು ತಿಳಿಯಲು ಇಂಥದ್ದೊಂದು ಅಳತೆ ಬೇಡವೇ?

ಡಾ. ಬಸವರಾಜ:
ಸಂಶೋಧನೆಗೆ ಬೇಕು, ಒಪ್ಪುತ್ತೇನೆ. ಆದರೆ ಪಾರ್ಕಿನ್ಸನ್ ಕಾಯಿಲೆಯಲ್ಲೂ, ಕೀಮೋಥೆರಪಿ ಆದವರಲ್ಲೂ ಈ ಎಳೆಗಳು ಕಡಿಮೆಯಾಗುತ್ತವೆ. ಕಣ್ಣು ಒಣಗಿದ್ದರೂ ಅಷ್ಟೇ. ಚಿತ್ರ ಕಂಡ ಮಾತ್ರಕ್ಕೆ ಸಕ್ಕರೆಯ ಮೇಲೆ ತಪ್ಪು ಹೊರಿಸಲಾಗದು. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಬಹುಕಾಲ ನುಂಗಿದವರಲ್ಲಿ ಬಿ12 ಕೊರತೆಯಿಂದಲೂ ಜೋಮು ಬರಬಹುದು. ಸುಮಂಗಲಾ ಅವರೇ, ಅದನ್ನು ಮೊದಲು ಪರೀಕ್ಷೆ ಮಾಡಿಸಿ.

ನಾಗವೇಣಿ:
ಎಲ್ಲಿ ಚಿತ್ರ ತೆಗೆದೆವು, ಯಾವ ಚಿತ್ರ ಆರಿಸಿದೆವು ಎನ್ನುವುದರ ಮೇಲೂ ಎಣಿಕೆ ಬದಲಾಗುತ್ತದೆ, ನಿಜ. ಆದರೂ ಕಾಯಿಲೆ ಈಚೆಗೆ ಗೊತ್ತಾದವರು ರೆಟಿನಾ ತೋರಿಸಲು ವರ್ಷಕ್ಕೊಮ್ಮೆ ಹೇಗೂ ಕಣ್ಣಾಸ್ಪತ್ರೆಗೆ ಬರಬೇಕು. ಅದೇ ಕುರ್ಚಿಯಲ್ಲಿ ಇನ್ನೈದು ನಿಮಿಷ ಕೂತರೆ ನರಗಳ ಸ್ಥಿತಿಯೂ ತಿಳಿಯುವುದಾದರೆ ನಾನದನ್ನು ಬಿಡುವುದಿಲ್ಲ.

ಸುಮಂಗಲಾ, ದಾವಣಗೆರೆ:
ನಿಮ್ಮ ಮಾತು ಓದಿ ಅಪ್ಪನ ಪಾದ ಎತ್ತಿ ನೋಡಿದೆ. ಎಡ ಹೆಬ್ಬೆರಳಿನ ಬುಡದಲ್ಲಿ ದಪ್ಪಗೆ ಆಣಿ ಕಟ್ಟಿದೆ, ಒಳಗೆ ಕಪ್ಪಗೆ ಕಾಣುತ್ತಿದೆ. ನೋವೇ ಇಲ್ಲ ಎನ್ನುತ್ತಾರೆ.

ಡಾ. ಬಸವರಾಜ:
ನೋವಿಲ್ಲದಿರುವುದೇ ಅಪಾಯ, ತಾಯಿ. ಮನೆಯಲ್ಲಿ ಬ್ಲೇಡು ಹಾಕಬೇಡಿ, ಆಣಿಯ ಪ್ಲಾಸ್ಟರ್ ಅಂಟಿಸಬೇಡಿ. ನಾಳೆಯೇ ತೋರಿಸಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ.