ಸಿಂತ್ ಸ್ಟ್ರಿಂಗ್ಸ್ ಹಾಕಿದರೆ ಎಲ್ಲ ಕಲಸಿಹೋಗುತ್ತಿದೆ, ಏನು ಮಾಡಲಿ?

ಹೊಸಪಟ್ಟು: ಕಂಪ್ಯೂಟರ್ ಮೇಲೆ ಮಾಡುತ್ತಿರೋ ಹಾಡಿನ ಪಲ್ಲವಿಗೆ ಸಿಂತ್ ಸ್ಟ್ರಿಂಗ್ಸ್, ಅಂದರೆ ಸಿಂತಸೈಜರ್ ಕೊಡೋ ವಯಲಿನ್ ಗುಂಪಿನಂಥ ದನಿ, ಹಾಕೋಣ ಅಂತ ಕೂತೆ. ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳು) ಸರಿ ಇವೆ, ಶ್ರುತಿಯೂ ಸರಿ ಇದೆ. ಆದರೂ ಕೇಳಿದರೆ ಬರೀ ಗೊಂಯ್ ಅನ್ನುತ್ತದೆ. ತಾಳಕ್ಕೂ ಹಿಂದೆ ಬೀಳುತ್ತಿದೆ. ಇರೋ ಪ್ಯಾಚೆಲ್ಲ (ಸಿಂತ್ ಒಳಗಿನ ಸಿದ್ಧ ದನಿಗಳು) ಬದಲಾಯಿಸಿದೆ. ತಲೆ ಕೆಟ್ಟುಹೋಗಿದೆ.

ರಿವರ್ಬ್_ಪ್ರಿಯ: ರಿವರ್ಬ್, ಅಂದರೆ ದನಿಯ ಹಿಂದೆ ಉಳಿಯೋ ಗುಂಗು, ಜಾಸ್ತಿ ಆಗಿದೆ. ತೆಗೆಯಿರಿ.

ಹೊಸಪಟ್ಟು: ರಿವರ್ಬ್ ಹಾಕೇ ಇಲ್ಲ ಸರ್.

ರಿವರ್ಬ್_ಪ್ರಿಯ: ಪ್ಯಾಚ್ ಒಳಗೇ ಇರುತ್ತದೆ. ಎಫೆಕ್ಟ್ಸ್ ತೆರೆದು ನೋಡಿ. ದನಿಯನ್ನು ದಪ್ಪ ಮಾಡೋ ಕೋರಸ್ ಎಫೆಕ್ಟ್ ಕೂಡ ಆಫ್ ಮಾಡಿ.

ಹಳೇ_ಕೀಲಿ: ಕೋರಸ್ ತೆಗೆದರೆ ಸಿಂತ್ ಸ್ಟ್ರಿಂಗ್ಸ್‌ನಲ್ಲಿ ಉಳಿಯೋದೇನು? 1974ರ ಕೀಬೋರ್ಡ್ ಸೊಲಿನಾ ಸ್ಟ್ರಿಂಗ್ ಎನ್ಸೆಂಬಲ್‌ಗೆ ಅದೇ ಜೀವ. ನನ್ನ ಹತ್ತಿರ ಹಳೇ ಸಿಂತ್ ಜೂನೋ-60 ಇದೆ. ಕೋರಸ್ ಗುಂಡಿ ಒತ್ತಿದ ಕೂಡಲೇ ದನಿ ಎರಡೂ ಕಡೆ ಹರಡಿಕೊಳ್ಳುತ್ತದೆ. ಪ್ಲಗಿನ್‌ನಲ್ಲಿ (ಕಂಪ್ಯೂಟರ್ ಒಳಗಿನ ಸಿಂತ್) ಅದು ಬರೋದಿಲ್ಲ.

ರಿವರ್ಬ್_ಪ್ರಿಯ: ಬರುತ್ತದೆ. ಯಾವುದು ಅಂತ ಹೇಳದೆ ಕೇಳಿಸಿದರೆ ನಿಮಗೂ ಗೊತ್ತಾಗೋದಿಲ್ಲ.

ಹಳೇ_ಕೀಲಿ: ಖಂಡಿತ ಗೊತ್ತಾಗುತ್ತದೆ.

ನಾಲ್ಕುದನಿ: ಆ ಚರ್ಚೆ ಬೇರೆ ಕಡೆ ಮಾಡೋಣ. ಹೊಸಪಟ್ಟು ಅವರೇ, ಯಾವ ಸ್ವರಗಳು, ಯಾವ ಆಕ್ಟೇವ್ (ಸ್ಥಾಯಿ)? ಪೆಡಲ್ ಒತ್ತಿದ್ದೀರಾ?

ಹೊಸಪಟ್ಟು: ಪಿಯಾನೋ ಥರಾನೇ ಸರ್. ಎಡಗೈ ಸಿ2-ಇ2-ಜಿ2 (ಅಕ್ಷರ ಸ್ವರ, ಅಂಕಿ ಆಕ್ಟೇವ್), ಆಮೇಲೆ ಎಫ್2-ಎ2-ಸಿ3. ಬಲಗೈ ಅದನ್ನೇ ಮೇಲಿನ ಆಕ್ಟೇವ್‌ನಲ್ಲಿ. ಪೆಡಲ್ ಒತ್ತೇ ಇರುತ್ತೇನೆ, ಎಲ್ಲರೂ ಹಾಗೇ ಅಲ್ವಾ?

ನಾಲ್ಕುದನಿ: ಇಲ್ಲೇ ಇದೆ ನೋಡಿ. ಮೊದಲು ರೆಕಾರ್ಡ್ ಆದ ಪೆಡಲ್ ಡೇಟಾ, ಅಂದರೆ ಮಿಡಿ ಕಂಟ್ರೋಲ್ ಸಂದೇಶ ಸಿಸಿ64, ಅಳಿಸಿ. ಹಿಂದಿನ ಕಾರ್ಡ್ ಹೊಸದರ ಮೇಲೆ ಕೂರುತ್ತಿದೆ. ರಿಲೀಸ್, ಅಂದರೆ ಕೀ ಬಿಟ್ಟ ಮೇಲೂ ದನಿ ಉಳಿಯೋ ಹೊತ್ತು, ಅದನ್ನೂ ತಗ್ಗಿಸಿ.

ಸಿ2 ಅಂದರೆ ಸುಮಾರು 65 ಹರ್ಟ್ಜ್, ಇ2 ಸುಮಾರು 82. ಅಷ್ಟು ಕೆಳಗೆ ಇಷ್ಟು ಹತ್ತಿರ ಇಟ್ಟರೆ ಯಾವ ಪ್ಯಾಚ್ ಹಾಕಿದರೂ ಒರಟಾಗೇ ಕೇಳುತ್ತದೆ. ಕೆಳಗೆ ಒಂದೇ ಸ್ವರ ಬಿಟ್ಟು ಉಳಿದದ್ದನ್ನು ಮೇಲಕ್ಕೆ ಹರಡಿ. ಚೆಲ್ಲೋ ಸಿ2, ವಿಯೋಲಾ ಜಿ3, ಎರಡನೇ ವಯಲಿನ್ ಇ4, ಮೊದಲ ವಯಲಿನ್ ಸಿ5. ನಾಲ್ಕಕ್ಕೂ ಬೇರೆ ಬೇರೆ ಟ್ರ್ಯಾಕ್. ಎಫ್ ಕಾರ್ಡ್ ಬಂದಾಗ ಚೆಲ್ಲೋ ಎಫ್2ಗೆ ಹೋಗಲಿ, ಜಿ3 ಪಕ್ಕದ ಎ3ಗೆ, ಇ4 ಪಕ್ಕದ ಎಫ್4ಗೆ. ಸಿ5 ಎರಡರಲ್ಲೂ ಇದೆ, ಅದನ್ನು ಮುಟ್ಟಬೇಡಿ. ಇಡೀ ಕೈ ಎತ್ತಿ ಇಟ್ಟರೆ ಅದು ಪಿಯಾನೋ ನುಡಿಸಿದ ಹಾಗೇ ಇರುತ್ತದೆ. ನಿಜವಾದ ವಯಲಿನ್ ಜಿ3ಗಿಂತ, ವಿಯೋಲಾ ಸಿ3ಗಿಂತ ಕೆಳಗೆ ಇಳಿಯೋದಿಲ್ಲ ಅನ್ನೋದೂ ನೆನಪಿರಲಿ.

ತಾಳ ತಪ್ಪೋದು ಅಟ್ಯಾಕ್‌ನಿಂದ. ದನಿ ನಿಧಾನಕ್ಕೆ ಏಳುತ್ತದೆ, ಹಾಗಾಗಿ ಬೀಟ್ ಮೇಲೇ ಇಟ್ಟರೂ ತಡವಾಗಿ ಕೇಳುತ್ತದೆ. ಟ್ರ್ಯಾಕ್ ಸ್ವಲ್ಪ ಮುಂಚೆಯೇ ಶುರುವಾಗೋ ಹಾಗೆ ಟ್ರ್ಯಾಕ್ ಡಿಲೇ ಮೈನಸ್ 50 ಮಿಲಿಸೆಕೆಂಡ್‌ನಿಂದ ಶುರು ಮಾಡಿ, ಕಿವಿ ಒಪ್ಪುವವರೆಗೆ ಸರಿಸಿ.

ರಿವರ್ಬ್_ಪ್ರಿಯ: ದನಿಯ ಬಾಲ ಜಾಸ್ತಿ ಅಂತ ನಾನೂ ಅದನ್ನೇ ಹೇಳಿದ್ದು.

ಹೊಸಪಟ್ಟು: ಕಲಸಿದ್ದು ಬಿಟ್ಟಿತು! ತಾಳವೂ ಕೂತಿತು. ಆದರೆ ಆ ಸಿ5 ಸುಮ್ನೆ ನಿಂತೇ ಇರುತ್ತದೆ, ಜೀವ ಇಲ್ಲ.

ನಾಲ್ಕುದನಿ: ಆ ಟ್ರ್ಯಾಕ್‌ನಲ್ಲಿ ಸಿಸಿ11, ಅಂದರೆ ದನಿಯ ಏರಿಳಿತದ ಗೆರೆ, ಎಳೆಯಿರಿ. 70ರಿಂದ ನಿಧಾನಕ್ಕೆ 100ಕ್ಕೆ ಏರಲಿ, ಕಾರ್ಡ್ ಬದಲಾಗುವ ಮುಂಚೆ ಸ್ವಲ್ಪ ಇಳಿಯಲಿ. ಮುಂದೆ ಜಿ ಕಾರ್ಡ್ ಬಂದರೆ ಸಿ5 ಅನ್ನು ಎರಡು ಬೀಟ್ ಹಾಗೇ ಹಿಡಿದು, ಆಮೇಲೆ ಬಿ4ಗೆ ಇಳಿಸಿ. ಆ ಎಳೆತ ಕೇಳೋಕೆ ತುಂಬ ಚೆನ್ನಾಗಿರುತ್ತದೆ.

ಹಳೇ_ಕೀಲಿ: ಜೂನೋದಲ್ಲಿ ಆರು ಸ್ವರ ಒಟ್ಟಿಗೆ ಬರುತ್ತವೆ. ನಾಲ್ಕನ್ನೂ ಒಂದೇ ಸಲ ನುಡಿಸಬಹುದಲ್ಲ?

ನಾಲ್ಕುದನಿ: ನುಡಿಸಬಹುದು, ಆದರೆ ವಾಲ್ಯೂಮ್ ನಾಲ್ಕಕ್ಕೂ ಒಟ್ಟಿಗೇ ಏರಿಳಿಯುತ್ತದೆ. ಒಂದೊಂದೇ ದನಿ ರೆಕಾರ್ಡ್ ಮಾಡಿ, ಫೇಡರ್ ಕೈಯಲ್ಲೇ ಸರಿಸಿ.