ಬೇಸಿಗೆ ಬಾಣಂತನ: ನೀರು ಎಷ್ಟು ಕುಡಿಯಬೇಕು? ಅನುಭವ ಹೇಳಿ

ಅಕ್ಕಂದಿರೇ, ಹೆರಿಗೆಗೆ ಅಂತ ಕಲಬುರಗಿಗೆ, ತವರಿಗೆ ಬಂದಿದ್ದೇನೆ. ಮಗುವಿಗೆ ಎರಡು ವಾರ. ಹೊರಗೆ 42 ಡಿಗ್ರಿ ಬಿಸಿಲು. ಅಮ್ಮ ಊಟದ ಜೊತೆ ಅರ್ಧ ಲೋಟ ಬಿಸಿನೀರು ಕೊಡುತ್ತಾರೆ, ಅಷ್ಟೇ. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತಾರೆ. ಹಾಲು ಕುಡಿಸಲು ಕೂತರೆ ನನ್ನ ಗಂಟಲು ಒಣಗಿ ಹೋಗುತ್ತೆ. ನೀವೆಲ್ಲ ಏನು ಮಾಡಿದಿರಿ?

ರಾಯಚೂರಿನಿಂದ:
ಬಾಯಾರಿಕೆ ಆದರೆ ಕುಡಿಯಿರಿ ತಂಗಿ, ಇದರಲ್ಲಿ ಎರಡು ಮಾತಿಲ್ಲ. ಎದೆಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇರುತ್ತೆ. ಬರೀ ಎದೆಹಾಲು ಕುಡಿಯುವ ಮಗು ತಿಂಗಳು ತುಂಬುವ ಹೊತ್ತಿಗೆ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಕುಡಿಯುತ್ತೆ. ಅಷ್ಟು ನೀರು ನಿಮ್ಮ ಮೈಯಿಂದಲೇ ಬರಬೇಕು ಅಲ್ವಾ? ಜೊತೆಗೆ ಹೆರಿಗೆ ಆದ ಮೊದಲ ವಾರಗಳಲ್ಲಿ ಬೆವರು ಹೆಚ್ಚು, ಅದರ ಮೇಲೆ ನಮ್ಮ ಕಡೆ ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸುತ್ತಾರೆ, ಏಪ್ರಿಲ್ ಬಿಸಿಲಲ್ಲಿ ಕೂಡ. ಮಗು ಬಾಯಿ ಹಾಕಿದ ಕೂಡಲೇ ಬಾಯಾರುವುದು ತುಂಬಾ ಜನ ತಾಯಂದಿರಿಗೆ ಆಗುತ್ತೆ, ಹೆದರಬೇಡಿ.

ಹೊಟ್ಟೆ ಬರುವುದಕ್ಕೂ ನೀರಿಗೂ ಸಂಬಂಧ ಇಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು, ಹಿಗ್ಗಿದ ಹೊಟ್ಟೆಯ ಸ್ನಾಯು ಬಿಗಿಯಾಗಲು ಇನ್ನೂ ಹೆಚ್ಚು ದಿನ. ಮಗುವಿಗೆ ಶೀತ ಬರುವುದು ನೆಗಡಿ ಇಟ್ಟುಕೊಂಡು ನೋಡಲು ಬರುವವರಿಂದ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ.

ನಮ್ಮಮ್ಮನೂ ನಿಮ್ಮಮ್ಮನ ಹಾಗೇ. ಅವರ ಬಾಣಂತನ ಹಾಗೆ ಆಗಿತ್ತು, ನನಗೂ ಪ್ರೀತಿಯಿಂದಲೇ ಮಾಡಿದರು. ನಾನು ಜಗಳ ಆಡಲಿಲ್ಲ, ತಣ್ಣೀರೂ ಕೇಳಲಿಲ್ಲ. ಜೀರಿಗೆ, ಅಜವಾನ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿಗೆ ತುಂಬಿ ಹಾಸಿಗೆ ಪಕ್ಕ ಇಡಮ್ಮಾ ಅಂದೆ. ಕಷಾಯ ಅಂದರೆ ಅವರಿಗೂ ಸಮಾಧಾನ. ಪ್ರತಿ ಸಲ ಹಾಲು ಕುಡಿಸುವಾಗ ಒಂದು ಲೋಟ ಕುಡಿಯುತ್ತಿದ್ದೆ, ರಾತ್ರಿ ಕೂಡ. ಬೇಳೆ ಕಟ್ಟಿನ ಸಾರು ಬಟ್ಟಲಿಗೆ ಹಾಕಿಸಿಕೊಂಡು ಕುಡಿದೆ. ಅಳ್ವಿ ಪಾಯಸ ತೆಳ್ಳಗೆ ಮಾಡಿಸಿದೆ. ಇನ್ನೊಂದು ಮಾತು, ಅಂಟಿನ ಉಂಡಿ, ಒಣಕೊಬ್ಬರಿ ಎಲ್ಲ ತಿಂದು ನೀರು ಕುಡಿಯದಿದ್ದರೆ ಮಲ ಕಲ್ಲಾಗುತ್ತೆ, ಹೊಲಿಗೆ ಹಾಕಿದ್ದರಂತೂ ಆ ನೋವು ಯಾರಿಗೂ ಬೇಡ. ನಾನು ಅಮ್ಮನಿಗೆ ಇದನ್ನೇ ಹೇಳಿದ್ದು. ಹೊಲಿಗೆ ಅಂದ ಮೇಲೆ ಅವರು ಸುಮ್ನೆ ಒಪ್ಪಿಕೊಂಡರು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಮ್ಮನ ಎದುರಿಗೇ ಕೇಳಿ, ಮಗಳ ಮಾತಿಗಿಂತ ಅವರ ಮಾತಿಗೆ ಬೆಲೆ ಜಾಸ್ತಿ.

ಶಿವಮೊಗ್ಗದಿಂದ:
ನಾನಿನ್ನೂ ಬಸುರಿ, ಐದನೇ ತಿಂಗಳು. ಮೊದಲ ಮೂರು ತಿಂಗಳು ನೀರು ಕಂಡರೂ ವಾಂತಿ. ಲೋಟಗಟ್ಟಲೆ ಕುಡಿಯೋಕೆ ಆಗಲ್ಲ ಅಂದಾಗ ಡಾಕ್ಟರ್ ಒಆರ್‌ಎಸ್ ಪ್ಯಾಕೆಟನ್ನು 1 ಲೀಟರ್ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ ಅಂದರು. ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ ಸೇರಿದವು. ಮೂತ್ರದ ಬಣ್ಣ ನೋಡಿಕೊಳ್ಳಿ, ತಿಳಿ ಹಳದಿ ಇದ್ದರೆ ಸರಿ. ಗಾಢವಾದರೆ ನೀರು ಕಮ್ಮಿ ಆಗಿದೆ ಅಂತ. ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ, ಡ್ರಿಪ್ ಬೇಕಾಗುತ್ತೆ.

ಸ್ಟಾಫ್ ನರ್ಸ್ ಒಬ್ಬರು:
ರಾಯಚೂರಿನವರು ಹೇಳಿದ್ದು ಸರಿ. ಆದರೆ ಹಾಲು ಜಾಸ್ತಿ ಆಗಲಿ ಅಂತ ಬಲವಂತವಾಗಿ ಲೀಟರ್‌ಗಟ್ಟಲೆ ಕುಡಿಯುವುದೂ ಬೇಡ. ಮಗು ಎಷ್ಟು ಸಲ ಚೀಪುತ್ತೋ ಅದರ ಮೇಲೆ ಹಾಲು ಬರುತ್ತೆ. ದಿನಕ್ಕೆ 6 ಸಲವಾದರೂ ಉಚ್ಚೆ ಮಾಡಿ, ತೂಕ ಏರುತ್ತಿದ್ದರೆ ಮಗುವಿಗೆ ಹಾಲು ಸಾಲುತ್ತಿದೆ. ಕಿಡ್ನಿ, ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದ ಅಳತೆಯಲ್ಲೇ ಕುಡಿಯಬೇಕು. ಕಾಲು ಊದಿದೆ ಅಂತ ಬಸುರಿಯರು ನೀರು ಬಿಡಬೇಡಿ. ಮುಖ, ಕೈ ಏಕಾಏಕಿ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ಬಿಪಿ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಣಂತಿಯರಿಗೂ ಹೀಗಾಗಬಹುದು.

ಬಿಸಿಲು ಅಂತ ಮಗುವಿಗೆ ನೀರು, ಸಕ್ಕರೆ ನೀರು ಯಾರೂ ಹಾಕದ ಹಾಗೆ ನೋಡಿಕೊಳ್ಳಿ. 6 ತಿಂಗಳು ತುಂಬುವವರೆಗೆ ಅದಕ್ಕೆ ಬೇಕಾದ ನೀರು ನಿಮ್ಮ ಹಾಲಿನಲ್ಲೇ ಇದೆ. ನೀರು ಬೇಕಾಗಿರುವುದು ನಿಮಗೆ.