ಪಂಪ್ ಹಾಕಿದರೆ ಲೈಟ್ ಮಂಕು, ಮೀಟರ್ ಮಾತ್ರ ಬ್ಯಾಟರಿ ಫುಲ್ ಅನ್ನುತ್ತದೆ

ಬಸವನಹುಳು, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು ನಾನು. ಕರೆಂಟ್ ವಿಷಯದಲ್ಲಿ ನನಗೆ ಗೊತ್ತಿರುವುದು ಲೈನ್‌ಮನ್‌ಗೆ ಫೋನ್ ಮಾಡುವುದು ಮಾತ್ರ. ಹಾಗಾಗಿ ದಯವಿಟ್ಟು ಬಿಡಿಸಿ ಹೇಳಿ.

ಎರಡು ವರ್ಷದ ಹಿಂದೆ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತಗೊಂಡೆ. ಸೀಟೆಲ್ಲ ತೆಗೆಸಿ ಒಳಗೆ ಮಂಚ, ಪುಟ್ಟ ಅಡುಗೆಕಟ್ಟೆ, 80 ಲೀಟರ್ ನೀರಿನ ಟ್ಯಾಂಕ್ ಮಾಡಿಸಿದೆ. ಮನೆ ಹೊತ್ತುಕೊಂಡು ನಿಧಾನಕ್ಕೆ ಹೋಗುತ್ತದೆ ಅಂತ ಮೊಮ್ಮಗಳು ಬಸವನಹುಳು ಅಂತ ಹೆಸರಿಟ್ಟಳು. ನಾನೂ ನನ್ನ ಹೆಂಡತಿಯೂ ತಿಂಗಳಿಗೆ ಎರಡು ಸಲ ತೀರ್ಥಹಳ್ಳಿ, ಹೊಸನಗರದ ಕಡೆ ಸುಮ್ನೆ ಸುತ್ತಿ ಬರುತ್ತೇವೆ.

ಒಳಗಿರುವುದು ಇಷ್ಟು: 150 ಎ.ಎಚ್. ಟ್ಯೂಬುಲರ್ ಬ್ಯಾಟರಿ, ಮೇಲೆ ಎರಡು ಸೋಲಾರ್ ಪ್ಯಾನೆಲ್, ಪ್ಯಾನೆಲ್ಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಚಾರ್ಜ್ ಕಂಟ್ರೋಲರ್, ನೀರಿನ ಪಂಪ್, ಎಲ್‌ಇಡಿ ಪಟ್ಟಿ, 40 ಲೀಟರಿನ ಫ್ರಿಜ್. ಎಲ್ಲವೂ 12 ವೋಲ್ಟ್. ಇಂಜಿನ್ ಓಡುವಾಗ ರಿಲೇ ಮೂಲಕ ಡೈನಮೋದಿಂದಲೂ ಚಾರ್ಜ್ ಬರುತ್ತದೆ.

ತೊಂದರೆ ಏನೆಂದರೆ, ನಲ್ಲಿ ತಿರುಗಿಸಿದ ಕೂಡಲೇ ಪಂಪ್ ಗೊರಗೊರ ಅನ್ನುತ್ತದೆ, ನೀರು ಮಗು ಉಚ್ಚೆ ಹೊಯ್ದ ಹಾಗೆ ಬರುತ್ತದೆ. ಅದೇ ಹೊತ್ತಿಗೆ ಲೈಟ್ ಚಿಮಣಿ ದೀಪದಷ್ಟಾಗುತ್ತದೆ. ನಲ್ಲಿ ಮುಚ್ಚಿದರೆ ಮತ್ತೆ ಫಳಫಳ. ರಾತ್ರಿ ಫ್ರಿಜ್ ತಾನಾಗಿ ನಿಂತು ಕೀಂಯ್ ಅನ್ನುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ! ಕಂಟ್ರೋಲರ್ ಪರದೆ ನೋಡಿದರೆ ಬ್ಯಾಟರಿ ಚೆನ್ನಾಗೇ ಇದೆ ಅನ್ನುತ್ತದೆ. ಫ್ಯೂಸ್ ಒಂದೂ ಹೋಗಿಲ್ಲ.

ಹಳೇ ಚಾಳಿ, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ.

ಏಪ್ರಿಲ್, ಸಕ್ರೆಬೈಲು ದಾಟಿ ಭಾವನ ತೋಟದ ಅಂಗಳ. ಬಿಸಿಲು. ಏನೂ ತೊಂದರೆ ಇಲ್ಲ.
ಜುಲೈ 6, ಕವಲೇದುರ್ಗದ ಕೆಳಗೆ. ಜಡಿಮಳೆ. ಪರದೆಯಲ್ಲಿ 12.5. ಪಂಪ್ ಗೊರಗೊರ. ಫ್ರಿಜ್ ನಿಂತದ್ದು ರಾತ್ರಿ 2.10ಕ್ಕೆ.
ಜುಲೈ 20, ನಗರ ಕೋಟೆ ಹತ್ತಿರ. ಮಳೆ. ಫ್ರಿಜ್ ನಿಂತದ್ದು 1.40ಕ್ಕೆ. ಹಾಲು ಒಡೆಯಿತು. ಬೆಳಗ್ಗೆ ಕಾಫಿ ಇಲ್ಲ. (ಈ ಕೊನೆಯ ಸಾಲು ನನ್ನ ಹೆಂಡತಿಯ ಕೈಬರಹದಲ್ಲಿದೆ.)

ಒಂದು ಅಂಗಡಿಗೆ ಒಯ್ದೆ. ಮೀಟರ್ ಕೂಡ ಇಡದೆ ಬ್ಯಾಟರಿ ಹೋಗಿದೆ ಅಂದರು. 16,500 ಕೊಟ್ಟು ಹೊಸದು ಹಾಕಿಸಿದೆ. ಮನೆಗೆ ಬಂದು ನಲ್ಲಿ ತಿರುಗಿಸಿದರೆ ಅದೇ ಗೊರಗೊರ. ಈಗ ಅವರು ಪಂಪ್ ಬದಲಿಸಿ ಅನ್ನುತ್ತಿದ್ದಾರೆ. ಆಮೇಲೆ ಫ್ರಿಜ್ ಅನ್ನಬಹುದು. ಅಷ್ಟು ಪಿಂಚಣಿ ನನಗಿಲ್ಲ.

ಘಾಟಿ ಸವಾರ:

ಸಾರ್, ಪಂಪ್‌ಗೆ ಕರೆಂಟ್ ಸಾಕಾಗ್ತಿಲ್ಲ ಅಷ್ಟೇ. 10 ಆಂಪ್ ಕೆಂಪು ಫ್ಯೂಸ್ ತೆಗೆದು 20ರ ಹಳದಿ ಹಾಕಿ ನೋಡಿ. ನನ್ನ ಜೀಪ್‌ಗೆ ಹಾಗೇ ಮಾಡಿದೀನಿ.

ಸಾಗರದ ವೈರಿಂಗ್:

ಮೇಲಿನವರ ಮಾತು ಕೇಳಬೇಡಿ ಸಾರ್. ಸಿಟ್ಟಾಗಬೇಡಿ ತಮ್ಮಾ, ಆದರೆ ಫ್ಯೂಸ್ ಅಂದರೆ ನಲ್ಲಿ ಅಂದುಕೊಂಡಿದ್ದೀರಿ. ದೊಡ್ಡದು ಹಾಕಿದರೆ ಜಾಸ್ತಿ ಕರೆಂಟ್ ಬರುವುದಿಲ್ಲ. ಫ್ಯೂಸ್ ಇರುವುದು ವೈರ್ ಕಾಯಲಿಕ್ಕೆ. ಸಣ್ಣ ವೈರ್‌ಗೆ ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಯಾವತ್ತಾದರೂ ಶಾರ್ಟ್ ಆದಾಗ ಫ್ಯೂಸಿನ ಬದಲು ವೈರೇ ಸುಡುತ್ತದೆ. ಸುತ್ತ ಪ್ಲೈವುಡ್ಡು, ಫೋಮು, ಮಲಗಿರುವ ಮನುಷ್ಯರು. ನಿಮ್ಮ ಜೀಪಿನಲ್ಲೂ ಇವತ್ತೇ ತೆಗೆದುಬಿಡಿ.

ಬಸವನಹುಳು ಸಾರ್, ನಾನು 22 ವರ್ಷದಿಂದ ಬಸ್, ಲಾರಿ ವೈರಿಂಗ್ ಮಾಡುತ್ತಿದ್ದೇನೆ. ನಿಮ್ಮ ರಿಜಿಸ್ಟರ್ ಓದಿ ಖುಷಿಯಾಯಿತು. ಗಿರಾಕಿಗಳು ಯಾರೂ ಹೀಗೆ ಹೇಳುವುದಿಲ್ಲ. ‘ಏನೋ ಆಗ್ತಿದೆ ನೋಡಿ’ ಅಂತ ಗಾಡಿ ಬಿಟ್ಟು ಹೋಗುತ್ತಾರೆ.

ಪಂಪು, ಲೈಟು, ಫ್ರಿಜ್ಜು ಮೂರೂ ಒಟ್ಟಿಗೆ ಕೆಡುವುದಿಲ್ಲ. ಮೂರಕ್ಕೂ ಸಾಮಾನ್ಯವಾಗಿರುವ ದಾರಿಯಲ್ಲಿ ಎಲ್ಲೋ ತಡೆ ಇದೆ. ನನಗೆ ಅನುಮಾನ ಅರ್ಥ್ ಮೇಲೆ. ಮಲೆನಾಡಿನ ಗಾಡಿಗಳಲ್ಲಿ ಮಳೆಗಾಲದ ಹತ್ತು ಕೇಸಿನಲ್ಲಿ ಆರೇಳು ಅದೇ.

ಪರದೆ ನಂಬಬೇಡಿ. ಕಂಟ್ರೋಲರ್ ನೇರ ಬ್ಯಾಟರಿಗೆ ಸೇರಿದೆ, ಅದು ಬ್ಯಾಟರಿ ಹತ್ತಿರದ ವೋಲ್ಟ್ ಹೇಳುತ್ತದೆ. ಪಂಪಿನ ಹತ್ತಿರ ಎಷ್ಟು ಮುಟ್ಟಿತು ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಮನಿಯಾರ್ಡರ್ ಶಿವಮೊಗ್ಗದಿಂದ ಹೊರಟದ್ದು ಸರಿ ಇದೆ, ಊರಿಗೆ ಮುಟ್ಟುವಾಗ ಕಮ್ಮಿ ಆಗಿದೆ.

ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ. ಡಿ.ಸಿ. 20 ವೋಲ್ಟಿಗೆ ಇಡಿ. ನಲ್ಲಿ ಬಿಟ್ಟು ಪಂಪ್ ಓಡುತ್ತಿರಲಿ. ಇದು ಮುಖ್ಯ. ಕರೆಂಟ್ ಹರಿಯದೆ ಇದ್ದರೆ ಕಿಲುಬು ಹಿಡಿದ ಬೋಲ್ಟೂ ಸತ್ಯಹರಿಶ್ಚಂದ್ರನೇ, 12.5 ಅಂತಲೇ ಹೇಳುತ್ತದೆ. ಲೋಡ್ ಬಿದ್ದಾಗ ಮಾತ್ರ ಬಣ್ಣ ಬಯಲು.

ಮೊದಲು ಬ್ಯಾಟರಿಯ ಎರಡು ಕಂಬದ ನಡುವೆ ನೋಡಿ. ಆಮೇಲೆ ಪಂಪಿನ ಎರಡು ವೈರ್ ನಡುವೆ. ಆಮೇಲೆ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ನಲ್ಲಿ, ಇನ್ನೊಂದು ಪಂಪಿನ ಪ್ಲಸ್‌ನಲ್ಲಿ. ಕೊನೆಗೆ ಬ್ಯಾಟರಿ ಮೈನಸ್‌ನಿಂದ ಪಂಪಿನ ಮೈನಸ್‌ಗೆ. ಕೊನೆಯ ಎರಡರಲ್ಲಿ ಯಾವುದು ಅರ್ಧ ವೋಲ್ಟ್ ದಾಟುತ್ತದೋ ಕಳ್ಳ ಆ ಕಡೆ ಇದ್ದಾನೆ. ನಾಲ್ಕೂ ನಂಬರ್ ಇಲ್ಲಿ ಹಾಕಿ.

ಹೋಂಸ್ಟೇ ಅಕ್ಕ, ತೀರ್ಥಹಳ್ಳಿ:

ನಮ್ಮಲ್ಲಿಗೂ ಇಂಥ ಗಾಡಿಗಳು ಬರುತ್ತವೆ, ಅಂಗಳದಲ್ಲಿ ನಿಲ್ಲಿಸಿ ನಮ್ಮ ಪ್ಲಗ್‌ನಿಂದ ವೈರ್ ಎಳೆದುಕೊಳ್ಳುತ್ತಾರೆ. ಅರ್ಥ್ ಅಂದ ಕೂಡಲೇ ನೆನಪಾಯಿತು. ಹೋದ ವರ್ಷ ಒಬ್ಬರ ಗಾಡಿಯ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮಳೆ, ಒದ್ದೆ ಜಂಬಿಟ್ಟಿಗೆ, ನಾನು ಬರಿಗಾಲಲ್ಲಿ ಕಾಫಿ ಕೊಡಲು ಹೋಗಿದ್ದೆ. ಲೋಟ ಬಿಟ್ಟೇಬಿಟ್ಟೆ ಮಾರಾಯ್ರೆ! ಅವರ ಎಕ್ಸ್‌ಟೆನ್ಷನ್ ಬಾಕ್ಸ್ ಮೂರು ಪಿನ್ನಿನದ್ದೇ, ಆದರೆ ಒಳಗೆ ವೈರ್ ಎರಡೇ ಇತ್ತು. ಇದೂ ಅದೇ ಅರ್ಥಾ?

ಸಾಗರದ ವೈರಿಂಗ್:

ಬೇರೆ ಅಕ್ಕ. ಹೆಸರೊಂದೇ, ಕೆಲಸ ಬೇರೆ. ಗಾಡಿಯ 12 ವೋಲ್ಟ್ ಅರ್ಥ್ ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಚಾಸಿಯೇ (ಗಾಡಿಯ ಕಬ್ಬಿಣದ ಚೌಕಟ್ಟೇ) ಮೈನಸ್ ವೈರ್. ಅಲ್ಲಿ ಕೆಟ್ಟರೆ ಲೈಟ್ ಮಂಕಾಗುತ್ತದೆ, ಆ ಜಾಗ ಬಿಸಿಯಾಗುತ್ತದೆ, ಆದರೆ ಶಾಕ್ ಹೊಡೆಯುವುದಿಲ್ಲ. ನಿಮ್ಮದು 230 ವೋಲ್ಟಿನ ಅರ್ಥ್, ಅದು ಪ್ರಾಣ ಉಳಿಸಲಿಕ್ಕೆ ಇರುವುದು. ಜುಮ್ ಅಂದರೆ ಸಣ್ಣ ವಿಷಯ ಅಂತ ಬಿಡಬೇಡಿ. ಆ ಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ, ಗಾಡಿ ಮುಟ್ಟಬೇಡಿ. ಅಂಗಳದ ಆ ಪ್ಲಗ್‌ಗೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಆಮೇಲೂ ಬರಿಗಾಲು ಬೇಡ.

ಬಸವನಹುಳು, ಶಿವಮೊಗ್ಗ:

ಮೀಟರ್ ಬಂತು. 400 ರೂಪಾಯಿ. ಬ್ಯಾಟರಿಗಿಂತ ಮೊದಲು ಇದನ್ನು ತಗೊಳ್ಳಬೇಕಿತ್ತು ಅಂತ ಮನೆಯಲ್ಲಿ ಮಾತು ಕೇಳಿಯಾಯಿತು.

ಇವತ್ತು ಬೆಳಗ್ಗೆ ಹೆಂಡತಿ ನಲ್ಲಿ ಬಿಟ್ಟು ಕೆಳಗೆ ಬಕೆಟ್ ಇಟ್ಟು ನಿಂತಳು, ನಾನು ಕಡ್ಡಿ ಹಿಡಿದೆ. ಪಂಪ್ ಓಡುತ್ತಿರುವಾಗ:

ಬ್ಯಾಟರಿ ಕಂಬಗಳ ನಡುವೆ 12.4
ಪಂಪಿನ ಹತ್ತಿರ 9.7
ಪ್ಲಸ್ ಕಡೆ 0.3
ಮೈನಸ್ ಕಡೆ 2.4

9.7ಕ್ಕೆ 0.3 ಕೂಡಿಸಿ, 2.4 ಕೂಡಿಸಿದರೆ 12.4. ಪೈಸೆಗೆ ಪೈಸೆ ತಾಳೆ! 34 ವರ್ಷ ದಿನಾ ಸಂಜೆ ಶಿಲ್ಕು ಎಣಿಸಿದವನಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಕರೆಂಟ್ ಲೆಕ್ಕವೂ ನಮ್ಮ ಲೆಕ್ಕದ ಹಾಗೇ ಕೂಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹಾಗಾದರೆ ಕಳ್ಳ ಮೈನಸ್ ಕಡೆ, ಅಲ್ವಾ?

ಸಾಗರದ ವೈರಿಂಗ್:

ಹೌದು ಸಾರ್. ಇನ್ನು ಒಂದು ಕಡ್ಡಿ ಬ್ಯಾಟರಿ ಮೈನಸ್‌ನಲ್ಲೇ ಇರಲಿ. ಇನ್ನೊಂದನ್ನು ಪಂಪಿನಿಂದ ಹಿಂದಕ್ಕೆ ತರುತ್ತಾ ಬನ್ನಿ. ಮೈನಸ್ ವೈರ್‌ಗಳೆಲ್ಲ ಸೇರುವ ಪಟ್ಟಿ, ಅಲ್ಲಿಂದ ಚಾಸಿಗೆ ಹೋಗುವ ವೈರಿನ ಲಗ್ಗು (ತುದಿಯಲ್ಲಿರುವ ಲೋಹದ ಬಳೆ), ಆಮೇಲೆ ಬೋಲ್ಟ್ ಪಕ್ಕದ ಬರೀ ಕಬ್ಬಿಣ. ಎಲ್ಲಿ ನಂಬರ್ ದಬಕ್ಕನೆ ಬೀಳುತ್ತದೋ ಅಲ್ಲೇ ಜಾಗ. ಪಂಪ್ 6 ಆಂಪ್ ಎಳೆದರೆ ಅಲ್ಲಿ ಸುಮಾರು 14 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ಸ್ವಲ್ಪ ಹೊತ್ತು ಓಡಿಸಿ ಬೋಲ್ಟ್ ಮುಟ್ಟಿ ನೋಡಿದರೂ ಗೊತ್ತಾದೀತು.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಪ್ಲಸ್‌ಗೆ ಮೊದಲು ಸ್ಪ್ಯಾನರ್ ಹಾಕಿ ಅದು ಗಾಡಿಯ ಕಬ್ಬಿಣಕ್ಕೆ ತಾಗಿದರೆ ದೀಪಾವಳಿ. ಸೋಲಾರ್ ಪ್ಯಾನೆಲ್ ವೈರ್ ಅದಕ್ಕೂ ಮೊದಲು ಕಳಚಿ.

ಬಸವನಹುಳು, ಶಿವಮೊಗ್ಗ:

ಸಿಕ್ಕಿತು.

ಪಟ್ಟಿಯಲ್ಲಿ 2.3. ಲಗ್ಗಿನಲ್ಲಿ 2.3. ಬೋಲ್ಟಿನಿಂದ ಎರಡು ಬೆರಳು ಆಚೆ ಚಾಸಿ ಕೆರೆದು ಕಡ್ಡಿ ಇಟ್ಟರೆ 0.1! ಮಧ್ಯೆ ಇದ್ದದ್ದು ಒಂದು ಬೋಲ್ಟ್ ಮಾತ್ರ. ಹಿಂದಿನ ಚಕ್ರದ ಪಕ್ಕ, ರಸ್ತೆಯ ಕೆಸರೆಲ್ಲ ಸಿಡಿಯುವ ಜಾಗದಲ್ಲಿ ಕೂರಿಸಿದ್ದಾರೆ. ಮುಟ್ಟಿದರೆ ನಿಜವಾಗಿ ಬೆಚ್ಚಗಿತ್ತು.

ನೆಲಕ್ಕೆ ಗೋಣಿಚೀಲ ಹಾಸಿ ಒಳಗೆ ತೂರಿದೆ. ಈ ವಯಸ್ಸಿನಲ್ಲಿ ತೂರುವುದು ಸುಲಭ, ಹೊರಗೆ ಬರುವುದೇ ಕಷ್ಟ. ಬೋಲ್ಟ್ ಬಿಚ್ಚಿದರೆ ಒಂದರ ಮೇಲೊಂದು ನಾಲ್ಕು ಲಗ್. ಹಳೇ ತಾಮ್ರದ ಹಂಡೆಯ ತಳದ ಹಾಗೆ ಹಸಿರು ಕಿಲುಬು. ಕೆಳಗಿನ ಲಗ್ ಕೂತಿದ್ದು ಕಬ್ಬಿಣದ ಮೇಲಲ್ಲ, ಟಾರಿನಂಥ ಕಪ್ಪು ಅಂಡರ್‌ಕೋಟಿಂಗ್ ಮೇಲೆ! ಬಣ್ಣ ಕೆರೆಯದೇ ಹಾಗೇ ಬಿಗಿದಿದ್ದಾರೆ. ಬೋಲ್ಟಿನ ತಿರುಪು ಗೀರುಗಳ (ಥ್ರೆಡ್) ಸಂಪರ್ಕದಲ್ಲೇ ಎರಡು ಬೇಸಿಗೆ ಕಳೆದಿದೆ. ಈ ಮಳೆಗೆ ಅದೂ ಕೈಕೊಟ್ಟಿದೆ.

ಒಂದು ವಿಷಯ ಈಗ ಅರ್ಥವಾಗದೆ ಉಳಿದಿದೆ. ಇಂಜಿನ್ ಓಡುವಾಗ ಯಾಕೆ ಸರಿ ಇರುತ್ತಿತ್ತು?

ಸಾಗರದ ವೈರಿಂಗ್:

ಡೈನಮೋ ಓಡುವಾಗ ಬ್ಯಾಟರಿ ಹತ್ತಿರ 14 ವೋಲ್ಟ್ ಚಿಲ್ಲರೆ ಇರುತ್ತದೆ. ಕಳ್ಳ ತನ್ನ ಪಾಲು ತಿಂದರೂ ಪಂಪಿಗೆ 11 ಮುಟ್ಟುತ್ತದೆ, ಓಡುತ್ತದೆ. ಫ್ರಿಜ್ ಕತೆಯೂ ಅದೇ. ಒಳಗೆ ವೋಲ್ಟ್ ಇಳಿದರೆ ತಾನೇ ನಿಲ್ಲುವ ಕಟ್‌ಆಫ್ ಇದೆ. ರಾತ್ರಿ ಎರಡರ ಹೊತ್ತಿಗೆ ಬ್ಯಾಟರಿ 12.2ಕ್ಕೆ ಬಂದಿರುತ್ತದೆ, ಅದರಲ್ಲಿ ಬೋಲ್ಟ್ ಒಂದೂವರೆ ತಿಂದರೆ ಉಳಿದದ್ದು 10.7. ಕಂಪ್ರೆಸರ್ ಎದ್ದೇಳುವಾಗ ಇನ್ನೂ ಬೀಳುತ್ತದೆ, ಫ್ರಿಜ್ ಕೈ ಎತ್ತುತ್ತದೆ. ಬ್ಯಾಟರಿ ಖಾಲಿ ಅಂತ ಅದು ತಿಳಿದುಕೊಂಡಿದೆ, ಪಾಪ.

ಈಗ ಮಾಡಬೇಕಾದದ್ದು. ಲಗ್‌ಗಳು ಒಳಗೂ ಹಸಿರಾಗಿದ್ದರೆ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿ (ವೈರಿಗೆ ಒತ್ತಿ ಬಿಗಿಸಿ), ಸುಮ್ನೆ ಉಜ್ಜಿ ಪ್ರಯೋಜನ ಇಲ್ಲ. ಚಾಸಿಯ ಜಾಗವನ್ನು ಉಪ್ಪುಕಾಗದದಿಂದ ಬೆಳ್ಳಗಾಗುವ ತನಕ ಉಜ್ಜಿ. ಹಲ್ಲಿನ ವಾಷರ್ ಹಾಕಿ ಬಿಗಿಯಾಗಿ ಕೂರಿಸಿ. ಬಿಗಿದ ಮೇಲೆ ಮೇಲಿಂದ ವ್ಯಾಸಲೀನ್ ಮೆತ್ತಿ. ನನ್ನನ್ನು ಕೇಳಿದರೆ ಆ ಬೋಲ್ಟನ್ನು ನಂಬುವುದೇ ಬೇಡ. ಪಟ್ಟಿಯಿಂದ ಬ್ಯಾಟರಿ ಮೈನಸ್‌ಗೆ 10 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್ ನೇರ ಎಳೆದುಬಿಡಿ. ಲೋಡಿನ ಕರೆಂಟ್ ಕೆಸರಿನಲ್ಲಿ ಓಡಾಡುವುದು ತಪ್ಪುತ್ತದೆ.

ಬ್ಯಾಟರಿ ಎಲ್ಲಿಟ್ಟಿದ್ದೀರಿ? ಮಂಚದ ಕೆಳಗಾದರೆ ಚಾರ್ಜ್ ಆಗುವಾಗ ಅದು ಬಿಡುವ ಗ್ಯಾಸ್ ಹೊರಗೆ ಹೋಗಲಿಕ್ಕೆ ಪೈಪ್ ಇದೆಯಾ ನೋಡಿ.

ಘಾಟಿ ಸವಾರ:

ಜೀಪಿನ ಫ್ಯೂಸ್ ತೆಗೆದೆ ಅಣ್ಣ. ಅಲ್ಲಿ ವೈರ್ ಸ್ವಲ್ಪ ಕರಗಿತ್ತು.

ಬಸವನಹುಳು, ಶಿವಮೊಗ್ಗ:

ಕೆಲಸ ಮುಗಿಯಿತು. ನೇರ ವೈರ್ ಎಳೆಸಿದೆ, ಬೋಲ್ಟನ್ನೂ ಉಜ್ಜಿ ಕೂರಿಸಿದೆ. ಬ್ಯಾಟರಿ ಮಂಚದ ಕೆಳಗೇ ಇತ್ತು, ಪೈಪ್ ಇರಲಿಲ್ಲ. ಅದನ್ನೂ ಹಾಕಿಸಿದೆ.

ಈಗ ಪಂಪ್ ಓಡುವಾಗ ಮೈನಸ್ ಕಡೆ 0.1. ಪಂಪಿನ ಹತ್ತಿರ 12.0. ನೀರು ಎಷ್ಟು ರಭಸ ಅಂದರೆ ಮೊದಲ ಸಲ ಹೆಂಡತಿಯ ಸೀರೆ ನೆನೆಯಿತು. ಶನಿವಾರ ಪರೀಕ್ಷೆಗೆ ಅಂತ ಆಗುಂಬೆಗೆ ಹೋದೆವು. ಅಲ್ಲಿಯ ಮಳೆ ಗೊತ್ತಲ್ಲ, ಎರಡು ಮಾರು ಮುಂದೆ ಏನೂ ಕಾಣುವುದಿಲ್ಲ. ಸೋಲಾರ್ ಲೆಕ್ಕಕ್ಕೇ ಇಲ್ಲ. ಆದರೂ ಫ್ರಿಜ್ ರಾತ್ರಿಯಿಡೀ ಓಡಿತು. ರಿಜಿಸ್ಟರಿನ ಸಾಲು: ‘ಬೆಳಗ್ಗೆ 5.30, ಬ್ಯಾಟರಿ 12.3, ಹಾಲು ಸರಿ, ಕಾಫಿ ಆಯಿತು.’ ಇದೂ ಅವಳದೇ ಕೈಬರಹ.

ಹಳೇ ಬ್ಯಾಟರಿಯನ್ನು ಆ ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ ತಗೊಂಡುಬಿಟ್ಟಿದ್ದಾರೆ. ಅದು ಚೆನ್ನಾಗೇ ಇತ್ತು ಅಂತ ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಸಣ್ಣ ವಿಷಯ. ಹಿಂದಿನ ಮೆಟ್ಟಿಲಿನ ಲೈಟ್, ಸ್ವಿಚ್ ಆಫ್ ಮಾಡಿದರೂ ಮಿಂಚುಹುಳದ ಹಾಗೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಮೀಟರ್ ಹಿಡಿದು ಏನೇನೋ ನೋಡಿದೆ, ತಲೆಗೆ ಹತ್ತಲಿಲ್ಲ. ಭಾನುವಾರ ಜೋಗದ ಕಡೆ ಹೋಗುವವರಿದ್ದೇವೆ, ಸಾಗರದಲ್ಲಿ ನಿಮಗೆ ತೋರಿಸಿ ಹೋಗಲಾ?

ಸಾಗರದ ವೈರಿಂಗ್:

ಸ್ವಿಚ್ಚನ್ನು ಮೈನಸ್ ವೈರಿಗೆ ಹಾಕಿರಬೇಕು, ಎಲ್ಲಿಂದಲೋ ತೇವದ ದಾರಿಯಲ್ಲಿ ಚೂರು ಕರೆಂಟ್ ಸೋರುತ್ತಿದೆ. ಎಲ್‌ಇಡಿ ಮಿಣುಕಲಿಕ್ಕೆ ಅಷ್ಟು ಸಾಕು. ಭಾನುವಾರ ಅಂಗಡಿ ರಜೆ ಸಾರ್. ಜೋಗ ನೋಡಿಕೊಂಡು ಸೋಮವಾರ ಬನ್ನಿ. ಆ ರಿಜಿಸ್ಟರ್ ತನ್ನಿ, ನಮ್ಮ ಹುಡುಗರಿಗೆ ತೋರಿಸಬೇಕು.